ದಿವಾರ್ ದ್ವೀಪದ ಬಾವುಟಗಳೂ ಹೊಸ ತೆನೆಯೂ

ಆಗಸ್ಟ್ ತಿಂಗಳು ಮುಗಿಯುತ್ತಾ ಬಂತೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಕಥೋಲಿಕ ಕುಟುಂಬಗಳ ಮನಸ್ಸು ಹರಿಹರದತ್ತ ತಿರುಗುತ್ತದೆ. ತುಂಗಭದ್ರೆಯ ತೀರದ ಆರೋಗ್ಯಮಾತೆಯ ಆಲಯ 2019ರಲ್ಲಿ ಬಸಿಲಿಕದ ಪದವಿಗೇರಿದ ಮೇಲಂತೂ ಸೆಪ್ಟೆಂಬರ್ 8ರ ಉತ್ಸವಕ್ಕೆ ಹೋಗುವ ಉತ್ಸಾಹ ಇನ್ನಷ್ಟು ಹೆಚ್ಚಿದೆ. ಇದೇ ಮಳೆಗಾಲದ ಕೊನೆಯಲ್ಲಿ, ಘಟ್ಟದ ಆಚೆ ಮಾಂಡೋವಿ ನದಿಯ ನಡುವಿನ ಒಂದು ದ್ವೀಪವೂ ಹಬ್ಬಕ್ಕೆ ಸಿದ್ಧವಾಗುತ್ತದೆ. ಅದರ ಹೆಸರು ದಿವಾರ್, ಕೊಂಕಣಿಯಲ್ಲಿ ದಿವಾಡಿ.

2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಸಂತ ಫ್ರಾನ್ಸಿಸ್ ಕ್ಸೇವಿಯರರ ಪಾರ್ಥಿವ ಶರೀರದ ದರ್ಶನಕ್ಕೆಂದು ಹಳೇ ಗೋವೆಗೆ ಹೋದ ಯಾತ್ರಿಕರು ಈ ದ್ವೀಪವನ್ನು ದೂರದಿಂದಲೇ ಕಂಡಿರಬಹುದು. ವೈಸರಾಯ್ ಕಮಾನನ್ನು ದಾಟಿ ನದಿಯ ದಡಕ್ಕಿಳಿದರೆ ಎದುರಿಗೆ ಹಸಿರು ಗದ್ದೆ, ಅದರಾಚೆ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಪಿಯೆದಾದೆ ಗ್ರಾಮದ ಕರುಣಾಮಾತೆಯ ಬಿಳಿಯ ದೇವಾಲಯ. ಫೆರಿಯಲ್ಲಿ ಕುಳಿತರೆ ಕೆಲವೇ ನಿಮಿಷಗಳ ದಾರಿ. ಆದರೂ ಬಹಳಷ್ಟು ಯಾತ್ರಿಕರು ಈ ದಡದಿಂದಲೇ ಹಿಂದಿರುಗುತ್ತಾರೆ.

ಕನ್ನಡಿಗರಿಗೆ ಈ ದ್ವೀಪ ಪರಸ್ಥಳವೇನೂ ಅಲ್ಲ. ಕನ್ನಡದಲ್ಲಿ ಶಾಸನಗಳನ್ನು ಬರೆಸಿದ ಗೋವೆಯ ಕದಂಬರ ಕುಲದೈವ ಸಪ್ತಕೋಟೀಶ್ವರನ ಗುಡಿ ಮೊದಲು ಇದ್ದದ್ದು ಇಲ್ಲಿನ ನಾರ್ವೆಯಲ್ಲಿ. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರ ಆಳ್ವಿಕೆಯಲ್ಲಿ ಅದು ನಾಶವಾಯಿತು. ಭಕ್ತರು ಲಿಂಗವನ್ನು ನದಿಯಾಚೆಗೆ ಸಾಗಿಸಿ ಉಳಿಸಿಕೊಂಡರು. 1668ರಲ್ಲಿ ಶಿವಾಜಿ ಮಹಾರಾಜರು ಅಲ್ಲಿ ಗುಡಿಯ ಜೀರ್ಣೋದ್ಧಾರ ಮಾಡಿಸಿದರು. ಪಿಯೆದಾದೆಯ ಸ್ಮಶಾನದ ಪುಟ್ಟ ಪ್ರಾರ್ಥನಾಲಯದಲ್ಲಿ ಹಳೆಯ ಗುಡಿಯ ಕಲ್ಕೆತ್ತನೆ ಇಂದಿಗೂ ಉಳಿದಿದೆ. ನಮ್ಮ ವಿಶ್ವಾಸದ ಚರಿತ್ರೆಯಲ್ಲಿ ಇಂಥ ನೋವಿನ ಪುಟಗಳೂ ಇವೆ. ಮಕ್ಕಳನ್ನು ಕರೆದೊಯ್ಯುವ ತಂದೆತಾಯಂದಿರು ಅದನ್ನು ಮರೆಮಾಚದೆ ಹೇಳುವುದು ಒಳ್ಳೆಯದು.

ದ್ವೀಪದ ವರ್ಷ ಹಬ್ಬಗಳ ಸರಮಾಲೆ. ತಪಸ್ಸುಕಾಲ ಆರಂಭವಾಗುವ ಮುನ್ನ ‘ಪೊಟೇಕರ್’ ಎಂಬ ಮುಖವಾಡದ ವೇಷಧಾರಿಗಳು ಗಂಟೆ ಕಟ್ಟಿಕೊಂಡು ಕೇರಿ ಸುತ್ತಿ ಮಕ್ಕಳನ್ನು ಹೆದರಿಸುತ್ತಾರೆ. ಜೂನ್ 24ರಂದು ಸ್ನಾನಿಕ ಅರುಳಪ್ಪನವರ ಜನನದ ಹಬ್ಬ. ಎಲಿಜಬೇತಮ್ಮನ ಗರ್ಭದಲ್ಲಿ ಶಿಶು ನಲಿದಾಡಿತೆಂಬ ಲೂಕನ ಶುಭಸಂದೇಶದ ಮಾತನ್ನು ನೆನೆದು ಗೋವೆಯ ಯುವಕರು ಹೂಬಳ್ಳಿಯ ಕಿರೀಟ ಧರಿಸಿ ತುಂಬಿದ ಬಾವಿಗಳಿಗೆ ಜಿಗಿಯುತ್ತಾರೆ. ಹೊಸ ಅಳಿಯನಿಗೆ ಅಂದು ಮಾವನ ಮನೆಯಲ್ಲಿ ವಿಶೇಷ ಉಪಚಾರ. (ಫೆನ್ನಿ ಕುಡಿದು ಬಾವಿಗೆ ಹಾರುವ ಸಾಹಸವನ್ನು ಮಾತ್ರ ನಮ್ಮ ಹುಡುಗರು ಅನುಸರಿಸದಿರಲಿ.) ಐದು ದಿನ ಕಳೆದರೆ ಗೋವೆಯ ಮೀನುಗಾರರು ದೋಣಿಗಳನ್ನು ಜೋಡಿಸಿ ಕಟ್ಟಿ, ಅವುಗಳ ಮೇಲೆ ಹಾಡುತ್ತಾ ಸಂತ ರಾಯಪ್ಪ ಚಿನ್ನಪ್ಪರ ಹಬ್ಬ ಆಚರಿಸುತ್ತಾರೆ.

ಹೊರಗಿನವರನ್ನು ಹೆಚ್ಚಾಗಿ ಸೆಳೆಯುವುದು ಆಗಸ್ಟ್ ತಿಂಗಳ ನಾಲ್ಕನೆಯ ಶನಿವಾರದ ‘ಬೊಂದೆರಾಂ’. ಬಾವುಟಕ್ಕೆ ಪೋರ್ತುಗೀಜ್ ಭಾಷೆಯಲ್ಲಿರುವ ‘ಬಂದೇರಾ’ ಎಂಬ ಪದವೇ ಈ ಹೆಸರಿನ ಮೂಲ. ಗ್ರಾಮದ ಎರಡು ವಾಡೆಗಳ ನಡುವೆ ಜಮೀನಿನ ಗಡಿಗಾಗಿ ಆಗಾಗ ಹೊಡೆದಾಟವಾಗುತ್ತಿತ್ತಂತೆ. ಸರ್ಕಾರದವರು ಗಡಿಯುದ್ದಕ್ಕೂ ಬಾವುಟಗಳನ್ನು ನೆಟ್ಟರು; ಜನ ಅವನ್ನು ಕಲ್ಲೆಸೆದು ಕೆಡವಿದರು. ಆ ಜಗಳವೇ ಕಾಲಾಂತರದಲ್ಲಿ ಆಟವಾಗಿ ಉಳಿಯಿತೆಂದು ಊರಿನವರು ಹೇಳುತ್ತಾರೆ. ಈಗ ಕಲ್ಲಿನ ಬದಲು ‘ಫೊಟಾಶ್’ ಎಂಬ ಬಿದಿರಿನ ಕೊಳವೆಯಿಂದ ಹಸಿಕಾಯಿಗಳು ಹಾರುತ್ತವೆ. ಮಲೆನಾಡಿನ ಹುಡುಗರ ಪೆಟ್ಲನ್ನು ಬಲ್ಲವರಿಗೆ ಅದನ್ನು ವಿವರಿಸಬೇಕಾಗಿಲ್ಲ. ವಾಡೆವಾಡೆಯ ಬಾವುಟ, ವಾದ್ಯ, ಸ್ತಬ್ಧಚಿತ್ರಗಳ ಮೆರವಣಿಗೆ ಕಣ್ತುಂಬುತ್ತದೆ. ಬದುವಿನ ವ್ಯಾಜ್ಯಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯುವ ನಮ್ಮ ರೈತ ಕುಟುಂಬಗಳಿಗೆ ಈ ಕಥೆ ತೀರಾ ಅಪರಿಚಿತವೆನಿಸದು.

ಬೊಂದೆರಾಂ ನಡೆಯುವುದು ಭತ್ತ ತೆನೆಯೊಡೆಯುವ ಕಾಲದಲ್ಲಿ. ಗೋವೆಯ ಕ್ರೈಸ್ತ ಗ್ರಾಮಗಳಲ್ಲಿ ಅದು ‘ಕಣಸಾಂಚೆಂ ಫೆಸ್ತ್’, ಅಂದರೆ ತೆನೆಹಬ್ಬದ ಋತು. ರಾಯ ಗ್ರಾಮದಲ್ಲಿ ಆಗಸ್ಟ್ 5ರಂದು, ತಾಳೆಗಾಂವ್‌ನಲ್ಲಿ ಆಗಸ್ಟ್ 21ರಂದು ಗುರುಗಳು ಗದ್ದೆಯ ಮೊದಲ ತೆನೆಗಳನ್ನು ಆಶೀರ್ವದಿಸಿ ಜನರಿಗೆ ಹಂಚುತ್ತಾರೆ. ಬಾವುಟ, ಬ್ಯಾಂಡು, ಫೊಟಾಶ್‌ಗಳ ಸದ್ದಿನಲ್ಲಿ ಪ್ರವಾಸಿಗರಿಗೆ ಈ ತೆನೆ ಕಾಣುವುದೇ ಇಲ್ಲ. ಅದಕ್ಕೂ ದೊಡ್ಡ ಕಳವಳವೊಂದಿದೆ. ಈ ತಗ್ಗಿನ ಗದ್ದೆಗಳು ‘ಖಾಜಾನ’ ಭೂಮಿಗಳು. ಉಬ್ಬರದ ಉಪ್ಪುನೀರು ನುಗ್ಗದಂತೆ ಮಣ್ಣಿನ ಏರಿ, ನೀರಿನ ಏರಿಳಿತಕ್ಕೆ ತಕ್ಕಂತೆ ತೆರೆದು ಮುಚ್ಚುವ ಮರದ ತೂಬು, ಉಪ್ಪನ್ನು ಸಹಿಸುವ ‘ಕೊರ್ಗುಟ್’ ಎಂಬ ಭತ್ತದ ತಳಿ: ಹಿರಿಯರ ಶತಮಾನಗಳ ಜಾಣ್ಮೆ ಇದು. ಏರಿ ಒಮ್ಮೆ ಒಡೆದು ಉಪ್ಪುನೀರು ನಿಂತರೆ ಆ ಗದ್ದೆ ವರ್ಷಗಳವರೆಗೆ ಬೆಳೆ ಕೊಡುವುದಿಲ್ಲ. ಏರಿ ಕಾಯುವ ಕೈಗಳು ಕಡಿಮೆಯಾಗಿ ಗೋವೆಯ ಎಷ್ಟೋ ಖಾಜಾನಗಳು ಈಗಾಗಲೇ ಪಾಳುಬಿದ್ದಿವೆ. ಜನಜಂಗುಳಿ ವರ್ಷದಿಂದ ವರ್ಷಕ್ಕೆ ಬೆಳೆದು ಗದ್ದೆ ಕುಗ್ಗುತ್ತಾ ಹೋದರೆ ಗುರುಗಳು ಆಶೀರ್ವದಿಸಲು ತೆನೆಯನ್ನು ಎಲ್ಲಿಂದ ತರಬೇಕು?

ಭದ್ರಾ ನಾಲೆಯ ಕೊನೆಯಂಚಿಗೆ ನೀರು ತಲುಪಲಿಲ್ಲವೆಂದು ಹೊನ್ನಾಳಿ, ಚನ್ನಗಿರಿಗಳ ರೈತ ಕೊರಗುವುದನ್ನು ಕೇಳಿದವರಿಗೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಆದ್ದರಿಂದ ದಿವಾರ್‌ಗೆ ಹೋಗುವ ಕುಟುಂಬಗಳಲ್ಲಿ ಒಂದು ಅರಿಕೆ: ಮೆರವಣಿಗೆಯ ವೇಳೆಗೆ ಓಡಿಬಂದು ಚಿತ್ರ ತೆಗೆದುಕೊಂಡು ಮರಳುವ ಬದಲು ಬೆಳಿಗ್ಗೆಯೇ ಫೆರಿ ಹತ್ತಿರಿ. ಗುಡ್ಡದ ದೇವಾಲಯದಲ್ಲಿ ಪ್ರಾರ್ಥಿಸಿ, ಏರಿಯ ಮೇಲೆ ಸ್ವಲ್ಪ ದೂರ ನಡೆಯಿರಿ. ತೂಬನ್ನು ಮಕ್ಕಳಿಗೆ ತೋರಿಸಿರಿ. ಊಟ ತಿಂಡಿಯನ್ನು ದ್ವೀಪದ ಮನೆಯವರಿಂದಲೇ ಕೊಳ್ಳಿರಿ. ಹರಿಹರದಿಂದ ಹುಬ್ಬಳ್ಳಿ, ಲೋಂಡಾ ಮಾರ್ಗವಾಗಿ ರೈಲಿನಲ್ಲಿ ಗೋವೆ ಸೇರಬಹುದು. ಮಳೆಗಾಲದಲ್ಲಿ ದೂಧ್‌ಸಾಗರ ಜಲಪಾತದ ದರ್ಶನವೂ ದಾರಿಯಲ್ಲೇ ಆಗುತ್ತದೆ. ಹಬ್ಬದ ಸಂಜೆ ಫೆರಿಯಲ್ಲಿ ವಿಪರೀತ ನೂಕುನುಗ್ಗಲು. ವೃದ್ಧರಿದ್ದರೆ ಬೇಗನೆ ಹೊರಡುವುದು ಲೇಸು.

ಹೋಗಲಾಗದವರಿಗೂ ಹೊಸ ತೆನೆಯ ಹಬ್ಬ ತಪ್ಪುವುದಿಲ್ಲ. ಕರಾವಳಿಯಿಂದ ಬಂದು ನಮ್ಮ ಶಿವಮೊಗ್ಗ ಧರ್ಮಪ್ರಾಂತ್ಯದಲ್ಲಿ ನೆಲೆಸಿರುವ ಕೊಂಕಣಿ ಕುಟುಂಬಗಳು ಸೆಪ್ಟೆಂಬರ್ 8ನ್ನು ‘ಮೊಂತಿ ಫೆಸ್ತ್’ ಎಂದು ಆಚರಿಸುತ್ತವೆ. ಮಕ್ಕಳು ಒಂಬತ್ತು ದಿನ ಬಾಲಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ. ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಹಾಲಿನಲ್ಲಿ ಬೆರೆಸಿ ಮನೆಮಂದಿಯೆಲ್ಲ ಸೇವಿಸುತ್ತಾರೆ. ಕೆಲಸಕ್ಕೆಂದು ದೂರ ಹೋದವರ ಪಾಲನ್ನೂ ಎತ್ತಿಡುವ ಮನೆಗಳುಂಟು. ಜಗಳೂರಿನ ಕೆಂಪುನೆಲದಲ್ಲಿ ಭತ್ತ ಬೆಳೆಯುವುದಿಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ. ಆ ಹೊತ್ತಿಗೆ ಅಲ್ಲಿ ಮೆಕ್ಕೆಜೋಳ ತೆನೆಗಟ್ಟಿರುತ್ತದೆ. ಮಾತೆಯ ಪಾದದ ಬಳಿ ಅದನ್ನೇ ಇಟ್ಟರಾಯಿತು.