ಒಂದು ಹೊತ್ತಿಗೆ 8,500 ಮುದ್ದೆ

ಮನೆಯಲ್ಲಿ ನಾಲ್ಕು ಜನಕ್ಕೆ ಮುದ್ದೆ ತಿರುವಿ ಕಟ್ಟುವವರಿಗೂ ರಟ್ಟೆ ನೋವೇನೆಂದು ಗೊತ್ತು. ತುಮಕೂರಿನ ಪಕ್ಕದಲ್ಲೇ, ಕ್ಯಾತ್ಸಂದ್ರದ ಸಿದ್ಧಗಂಗಾ ಮಠದಲ್ಲಿ, ಅದರ ಗುರು ಡಾ. ಶಿವಕುಮಾರ ಸ್ವಾಮೀಜಿ 2019ರಲ್ಲಿ ಲಿಂಗೈಕ್ಯರಾದಾಗ ಉಚಿತವಾಗಿ ಉಂಡು, ಇದ್ದು, ಓದುತ್ತಿದ್ದ ಮಕ್ಕಳು ಸುಮಾರು 8,500. ಜಾತಿ, ಧರ್ಮ ಕೇಳಿ ಸೇರಿಸಿಕೊಂಡದ್ದಲ್ಲ. ತಲೆಗೊಂದು ಮುದ್ದೆ, ಮುದ್ದೆಗೆ ನೂರು ಗ್ರಾಂ ಹಿಟ್ಟು ಅಂತ ಹಿಡಿದರೂ ಒಂದೇ ಹೊತ್ತಿಗೆ ಎಂಟೂವರೆ ಕ್ವಿಂಟಾಲ್. ದಿನಕ್ಕೆ ಮೂರು ಹೊತ್ತೆಂದರೆ 25,500 ತಟ್ಟೆ. ರಜೆ ಕಳೆದು ವರ್ಷಕ್ಕೆ 300 ದಿನ ಅಂದುಕೊಳ್ಳಿ: 76 ಲಕ್ಷದ 50 ಸಾವಿರ. ತುಮಕೂರು ನಗರದ ಜನಸಂಖ್ಯೆ 2011ರ ಗಣತಿಯಲ್ಲಿ ಮೂರು ಲಕ್ಷದ ಆಸುಪಾಸು. ಇಡೀ ಊರನ್ನು ಪಂಕ್ತಿಯಲ್ಲಿ ಕೂರಿಸಿ ವರ್ಷದಲ್ಲಿ 25 ಸಲ ಬಡಿಸಿದ ಹಾಗಾಯಿತು. ಶಿವರಾತ್ರಿ ಜಾತ್ರೆಗೆ ದನ ಹೊಡೆದುಕೊಂಡು ಬರುವ ರೈತರು ಈ ಲೆಕ್ಕದಲ್ಲಿ ಸೇರಿಲ್ಲ.

ಇಷ್ಟು ಜನಕ್ಕೆ ಉಣಿಸುವ ಮಠದ ಮಾತು ನಾಡಿನಲ್ಲಿ ನಡೆಯುವುದು ಸಹಜ. ಹೀಗೆ ಸಂಸಾರ ಬಿಟ್ಟವರು ನಾಡನ್ನು ಹಿಡಿದಿಟ್ಟ ದೊಡ್ಡ ಕಥೆ ಸ್ಪೇನಿನವರದು. 1524ರಲ್ಲಿ ಮೆಕ್ಸಿಕೋಗೆ ಬಂದಿಳಿದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಬರೀ ಹನ್ನೆರಡು ಮಂದಿ. ಹೆಚ್ಚುಕಡಿಮೆ ಅದೇ ಕಾಲಘಟ್ಟದಲ್ಲಿ ನಮ್ಮ ತೋಂಟದ ಸಿದ್ಧಲಿಂಗ ಯತಿಗಳ ಹಿಂದೆ ನಡೆದ ವಿರಕ್ತರು 701 ಎನ್ನುತ್ತದೆ ಪರಂಪರೆ. ಸಿದ್ಧಲಿಂಗರು ಬರೆದ ವಚನಗಳೂ 701! ಸಂಖ್ಯೆ ಇಷ್ಟು ಅಚ್ಚುಕಟ್ಟಾಗಿ ಕೂತಾಗ ಸ್ವಲ್ಪ ಅನುಮಾನಿಸುವುದು ಒಳ್ಳೆಯದೇ. ಅವರ ಗುರು ಗೋಸಲ ಚನ್ನಬಸವೇಶ್ವರರ ನೆಲೆ ಗುಬ್ಬಿ, ತಪಸ್ಸು ಮಾಡಿದ ತೋಟ ಕುಣಿಗಲ್ ತಾಲ್ಲೂಕಿನ ಕಗ್ಗೆರೆಯದು, ಗದ್ದುಗೆ ಎಡೆಯೂರಿನಲ್ಲಿದೆ. ಸಿದ್ಧಗಂಗೆಯ ಮೂಲಪುರುಷರೂ ಅದೇ ಗೋಸಲ ಪರಂಪರೆಯ ಸಿದ್ಧೇಶ್ವರರು.

ಮತ್ತೆ ಸ್ಪೇನಿನವರ ಕಥೆಗೆ ಬಂದರೆ, ಅವರ ಆಳ್ವಿಕೆಯ ಫಿಲಿಪೀನ್ಸ್‌ನ ಎಷ್ಟೋ ಹಳ್ಳಿಗಳು ಕಣ್ಣಾರೆ ಕಂಡ ಏಕೈಕ ಸ್ಪೇನಿನವನೆಂದರೆ ಚರ್ಚಿನ ಪಾದ್ರಿ. ಶಾಲೆಯ ಉಸ್ತುವಾರಿ ಅವನದು, ತಲೆಗಂದಾಯದ ಪಟ್ಟಿಗೆ ಅವನ ಕಣ್ಗಾವಲು, ನಡತೆ ಸರ್ಟಿಫಿಕೇಟಿಗೂ ಅವನೇ. ಜಮೀನನ್ನಂತೂ ಕೇಳಲೇಬೇಡಿ. 1903ರಲ್ಲಿ, ಸ್ಪೇನಿನ ಬಳಿಕ ಬಂದ ಅಮೆರಿಕದ ಆಡಳಿತ ಆ ಸನ್ಯಾಸಿ ಸಂಘಗಳಿಂದ ಕೊಂಡದ್ದು ಸುಮಾರು 4,10,000 ಎಕರೆ, ತೆತ್ತದ್ದು 70 ಲಕ್ಷ ಡಾಲರಿಗೂ ಮಿಕ್ಕಿ. ಗೇಣಿ ಕಟ್ಟಿ ಕಟ್ಟಿ ಬೇಸತ್ತವರ ಸಿಟ್ಟು ಅದಕ್ಕೂ ಮೊದಲೇ, ಸ್ಪೇನಿನ ವಿರುದ್ಧದ 1896ರ ಕ್ರಾಂತಿಗೆ ದೊಡ್ಡ ಕಾರಣವಾಯಿತು.

ಅಲ್ಲಿ ಕಾಳು ಗೇಣಿಯಾಗಿ ಹೋಯಿತು, ಇಲ್ಲಿ ಸಿದ್ಧಗಂಗೆಗೆ ಸುಗ್ಗಿ ಮುಗಿದ ಮೇಲೆ ಕಾಣಿಕೆಯಾಗಿ ಬಂತು. ಸ್ವಾಮೀಜಿಯವರೇ ಹಳ್ಳಿ ಹಳ್ಳಿ ತಿರುಗಿ ಭಿಕ್ಷೆ ಎತ್ತಿದವರು. ಮಠದ ಹಿಂದಿನ ಗುರುಗಳಾದ ಅಟವೀ ಸ್ವಾಮಿಗಳ ಕಾಲದಲ್ಲಿ ಹೊತ್ತಿದ ಒಲೆ ಇನ್ನೂ ಆರಿಲ್ಲವೆಂದು ಭಕ್ತರ ಮಾತು. ಹೀಗೆ ಬಂದ ಪ್ರಭಾವ ಜಮೀನಿನಿಂದ ಬಂದದ್ದಕ್ಕಿಂತ ಗಟ್ಟಿ ಎನ್ನುವುದು ನನ್ನ ಲೆಕ್ಕ. ಇದನ್ನು ಯಾರೂ ದುಡ್ಡು ಕೊಟ್ಟು ಬಿಡಿಸಿಕೊಳ್ಳುವಂತಿಲ್ಲ. ಸ್ವಾಮೀಜಿಗೆ 1930ರಲ್ಲಿ ಸನ್ಯಾಸ, 1941ರಲ್ಲಿ ಮಠದ ಹೊಣೆ. ಅಲ್ಲಿಂದ 78 ವರ್ಷ ಒಬ್ಬರೇ ಗುರುಗಳು. ಅಷ್ಟರಲ್ಲಿ ಮೈಸೂರು ಅರಸೊತ್ತಿಗೆ ಮುಗಿದು, ಕೆ.ಸಿ. ರೆಡ್ಡಿಯವರಿಂದ ಕುಮಾರಸ್ವಾಮಿಯವರವರೆಗೆ ಮುಖ್ಯಮಂತ್ರಿಗಳೆಲ್ಲ ಬಂದು ಹೋದರು. ವಿದ್ಯಾಸಂಸ್ಥೆಗಳು 125 ದಾಟಿದವು. ಜಿಲ್ಲೆಯಲ್ಲಿ ವಿಧಾನಸಭೆಯ 11 ಕ್ಷೇತ್ರಗಳಿವೆ; ಮಠದ ಮೆಟ್ಟಿಲು ಹತ್ತದ ಅಭ್ಯರ್ಥಿ ಅಪರೂಪ. ಓಟು ಪಡೆಯದವರ ಮಾತು ಇಷ್ಟು ನಡೆಯಬೇಕೇ ಎಂದು ಕೇಳಬೇಕಾದ್ದೇ. ಆದರೆ ಮಗನನ್ನು ಸೇರಿಸಲು ಟ್ರಂಕು ಹೊತ್ತು ಸಾಲಿನಲ್ಲಿ ನಿಂತ ಅಪ್ಪನಿಗೆ ಆ ಪ್ರಶ್ನೆಯ ತಲೆಬುಡ ಹತ್ತಲಿಕ್ಕಿಲ್ಲ.

2019ರ ಜನವರಿ 21ರ ಬೆಳಿಗ್ಗೆ 11.44ಕ್ಕೆ ಸ್ವಾಮೀಜಿ ಲಿಂಗೈಕ್ಯರಾದರು, 111ರ ವಯಸ್ಸಿನಲ್ಲಿ. ಮಕ್ಕಳ ಊಟ ಆದ ಮೇಲೆ ಸುದ್ದಿ ಹೇಳಿ ಎಂದು ಮೊದಲೇ ಹೇಳಿದ್ದರೆಂದು ಪತ್ರಿಕೆಗಳು ಬರೆದವು. ಸರ್ಕಾರ ಮೂರು ದಿನದ ಶೋಕಾಚರಣೆ ಸಾರಿತು, ಮರುದಿನ ನಾಡಿಗೆಲ್ಲ ರಜೆ. ಮುಂದಿನ ವರ್ಷ ಜನವರಿ 2ರಂದು ಪ್ರಧಾನಿ ನರೇಂದ್ರ ಮೋದಿ ತುಮಕೂರಿಗೆ ಬಂದರು. ದೇಶದ ಸುಮಾರು 6 ಕೋಟಿ ರೈತರ ಖಾತೆಗಳಿಗೆ 12,000 ಕೋಟಿ ರೂಪಾಯಿ ಬಿಡುಗಡೆ ಮಾಡುವ ಸಮಾರಂಭವಿತ್ತು. ಅದಕ್ಕೂ ಮೊದಲು ಅವರು ಹೋದದ್ದು ಮಠಕ್ಕೆ.