ಮೂವತ್ತೇ ಎಪಿಸೋಡಿನ ಲೇಡಿ ಡಿಟೆಕ್ಟಿವ್

ಬ್ಯಾಗಿನಲ್ಲಿ ಲಿಪ್‌ಸ್ಟಿಕ್ ಇದೆ. ಆದರೆ ಅದು ತುಟಿಗಲ್ಲ, ಮಾತಾಡೋಕೆ! ಒಳಗಿರೋದು ರೇಡಿಯೊ. ಹೊರಗೆ ರಸ್ತೆಬದಿ ನಿಂತಿರುವ ‘ಟಿವಿ ರಿಪೇರಿ’ ವ್ಯಾನಿನಲ್ಲಿ ಕೂತ ಪಾರ್ಟ್‌ನರ್‌ಗೆ ಎಲ್ಲವೂ ಕೇಳಿಸುತ್ತೆ. ಮನೆಯಲ್ಲಿ ಸಾಕಿರೋದು ಬ್ರೂಸ್ ಅನ್ನೋ ಆಸಲಾಟ್, ಅಂದರೆ ಮೈತುಂಬ ಮಚ್ಚೆಯಿರುವ ಅಮೆರಿಕದ ಕಾಡುಬೆಕ್ಕು.

ಇವಳೇ ಹನಿ ವೆಸ್ಟ್. ಅಮೆರಿಕದ ಟಿವಿಯಲ್ಲಿ ತನ್ನದೇ ಹೆಸರಿನ ಸೀರಿಯಲ್ ಪಡೆದ ಮೊದಮೊದಲ ಮಹಿಳಾ ಖಾಸಗಿ ಪತ್ತೇದಾರರಲ್ಲಿ ಒಬ್ಬಳು.

ಪುಸ್ತಕದಿಂದ ಪರದೆಗೆ

ಹನಿ ಹುಟ್ಟಿದ್ದು ಕಾದಂಬರಿಯಲ್ಲಿ. ಗ್ಲೋರಿಯಾ ಮತ್ತು ಫಾರೆಸ್ಟ್ ಫಿಕ್ಲಿಂಗ್ ಎಂಬ ದಂಪತಿ ‘ಜಿ.ಜಿ. ಫಿಕ್ಲಿಂಗ್’ ಹೆಸರಿನಲ್ಲಿ ಬರೆದ ಮೊದಲ ಪುಸ್ತಕ ಬಂದದ್ದು 1957ರಲ್ಲಿ. 1965ರ ಏಪ್ರಿಲ್‌ನಲ್ಲಿ ‘ಬರ್ಕ್ಸ್ ಲಾ’ ಸೀರಿಯಲ್ಲಿನ ಒಂದು ಕಂತಿನಲ್ಲಿ ಅತಿಥಿಯಾಗಿ ಬಂದಳು. ಅದೇ ಸೆಪ್ಟೆಂಬರ್ 17ರಿಂದ ಎಬಿಸಿಯಲ್ಲಿ ಪ್ರತಿ ಶುಕ್ರವಾರ ಅರ್ಧ ಗಂಟೆ ಅವಳದೇ ಆಟ, ಕಪ್ಪು ಬಿಳುಪಿನಲ್ಲಿ. ನಿರ್ಮಾಣ ಆರನ್ ಸ್ಪೆಲ್ಲಿಂಗ್ ಅವರದು. ಹನಿಯಾದವರು ‘ಫರ್ಬಿಡನ್ ಪ್ಲಾನೆಟ್’ ಚಿತ್ರದ ನಾಯಕಿ ಆ್ಯನ್ ಫ್ರಾನ್ಸಿಸ್.

ಅಪ್ಪ ನಡೆಸುತ್ತಿದ್ದ ಏಜೆನ್ಸಿ ಮಗಳ ಕೈಗೆ ಬಂದಿದೆ. ಕರಾಟೆ, ಜೂಡೊ ಗೊತ್ತು. ಓಡಿಸೋದು ಕೋಬ್ರಾ ಸ್ಪೋರ್ಟ್ಸ್ ಕಾರು. ಪಾರ್ಟ್‌ನರ್ ಸ್ಯಾಮ್ ಬೋಲ್ಟ್ ರೇಗುತ್ತಾನೆ, ಕಾಳಜಿಯನ್ನೂ ಮಾಡುತ್ತಾನೆ. ಆದರೆ ಆಫೀಸು ಅವಳದು.

ಅವಾರ್ಡ್ ಬಂತು, ಕೆಲಸ ಹೋಯ್ತು

ಆ್ಯನ್‌ಗೆ 1966ರಲ್ಲಿ ಗೋಲ್ಡನ್ ಗ್ಲೋಬ್ ಸಿಕ್ಕಿತು, ಎಮ್ಮಿಗೂ ನಾಮಿನೇಟ್ ಆದರು. ಇಷ್ಟಾದರೂ ಅದೇ ವರ್ಷ ಸೀರಿಯಲ್ ನಿಂತುಹೋಯಿತು. ಒಟ್ಟು 30 ಕಂತು, ಅಷ್ಟೇ.

ಒಂದು ಕಾರಣ, ಅದೇ ಹೊತ್ತಿಗೆ ಸಿಬಿಎಸ್‌ನಲ್ಲಿ ಬರುತ್ತಿದ್ದ ಜನಪ್ರಿಯ ಕಾಮಿಡಿ ‘ಗೋಮರ್ ಪೈಲ್’. ಸಾಮಾನ್ಯವಾಗಿ ಹೇಳುವ ಇನ್ನೊಂದು ಕಾರಣ ಕೇಳಿದರೆ ನಮ್ಮ ಆಫೀಸು ಕಥೆಯೇ ಅನ್ನಿಸುತ್ತೆ. ಬ್ರಿಟನ್ನಿನ ‘ದಿ ಅವೆಂಜರ್ಸ್’ ಅನ್ನು ಎಬಿಸಿ ಕೊಂಡುತಂದಿತ್ತು. ಅಲ್ಲೂ ಹೊಡೆದಾಡುವ ನಾಯಕಿಯೇ: ಡಯಾನಾ ರಿಗ್ ಅವರ ಎಮ್ಮಾ ಪೀಲ್. ಹೊಸದಾಗಿ ಶೂಟ್ ಮಾಡೋದಕ್ಕಿಂತ ಹೊರಗಿನಿಂದ ತರಿಸೋದು ಅಗ್ಗ. ಅಪ್ರೈಸಲ್ ಚೆನ್ನಾಗಿದ್ದರೂ ಬಜೆಟ್ ನೋಡಿ ಮನೆಗೆ ಕಳಿಸೋದು ಹೊಸ ಕಾಲದ ಕಾಯಿಲೆಯೇನಲ್ಲ!

ಚಾರ್ಲಿ ಬೇಕಿರಲಿಲ್ಲ

1976ರಲ್ಲಿ ಇದೇ ಸ್ಪೆಲ್ಲಿಂಗ್ ಮತ್ತೆ ಮಹಿಳಾ ಪತ್ತೇದಾರರನ್ನು ತಂದರು. ‘ಚಾರ್ಲೀಸ್ ಏಂಜೆಲ್ಸ್’ ಭರ್ಜರಿ ಹಿಟ್ ಆಗಿ ಐದು ಸೀಸನ್ ಓಡಿತು. ಆದರೆ ಒಂದು ವ್ಯತ್ಯಾಸ ಗಮನಿಸಿ. ಅಲ್ಲಿ ಮೂವರು ಹೆಣ್ಣುಮಕ್ಕಳಿದ್ದರೂ ಆರ್ಡರ್ ಬರುತ್ತಿದ್ದದ್ದು ಫೋನಿನಲ್ಲಿ, ಮುಖ ತೋರಿಸದ ಬಾಸ್ ಚಾರ್ಲಿಯಿಂದ. ಹನ್ನೊಂದು ವರ್ಷ ಹಿಂದೆ ಬಂದ ಹನಿಗೆ ಚಾರ್ಲಿಯೇ ಬೇಕಿರಲಿಲ್ಲ. ಯಾವ ಕೇಸ್ ಹಿಡೀಬೇಕು ಅನ್ನೋದನ್ನು ಅವಳೇ ತೀರ್ಮಾನಿಸುತ್ತಿದ್ದಳು.

ಹಾಗಂತ ಅವಳೇನೂ ಪರಿಪೂರ್ಣಳಲ್ಲ. ಗ್ಲಾಮರ್ ಜಾಸ್ತಿ, ಕಥೆ ಕೆಲವೊಮ್ಮೆ ತೆಳು. ಅರ್ಧ ಗಂಟೆಯಲ್ಲಿ ಕೊಲೆ, ತನಿಖೆ, ಫೈಟು ಎಲ್ಲ ಮುಗೀಬೇಕಲ್ಲ!

ಇಂಗ್ಲಿಷಿನಲ್ಲಿ ‘ಹನಿ’ ಅಂದರೆ ಜೇನು. ನಮ್ಮ ಕನ್ನಡದಲ್ಲಿ ಹನಿ ಅಂದರೆ ಹನಿಯೇ. ಟಿವಿ ಚರಿತ್ರೆಯಲ್ಲಿ ಅವಳ ಪಾಲು ಅಷ್ಟೇ ಇರಬಹುದು. ಆದರೆ ಮಳೆ ಶುರುವಾಗೋದೂ ಹಾಗೇ ಅಲ್ವಾ?