ಅಂಕಣದ ಅಂಚಿನ ವೈದ್ಯ

ಕುಕ್ಕೆಯಲ್ಲಿ ಆದಿ, ಘಾಟಿಯಲ್ಲಿ ಮಧ್ಯ, ನಾಗಲಮಡಿಕೆಯಲ್ಲಿ ಅಂತ್ಯ ಎಂದು ಸುಬ್ರಹ್ಮಣ್ಯನ ಮೂರು ನೆಲೆಗಳನ್ನು ನಮ್ಮ ಹಿರಿಯರು ಎಣಿಸುತ್ತ ಬಂದಿದ್ದಾರೆ. ಅಂತ್ಯ ಸುಬ್ರಹ್ಮಣ್ಯನ ಈ ಊರು ಪಾವಗಡ ತಾಲ್ಲೂಕಿನಲ್ಲಿ, ಉತ್ತರ ಪಿನಾಕಿನಿಯ ದಂಡೆಯ ಮೇಲಿದೆ. ನದಿಯೆಂದರೆ ವರ್ಷದ ಬಹುಕಾಲ ಮರಳು. ತಾಲ್ಲೂಕಿನ ಸುತ್ತ ಹೆಚ್ಚು ಕಡೆ ಆಂಧ್ರದ ನೆಲ. ಜನರ ಮಾತಿನಲ್ಲಿ ಕನ್ನಡವೂ ತೆಲುಗೂ ಒಂದೇ ಉಸಿರಿನಲ್ಲಿ ಬೆರೆತು ಬರುತ್ತವೆ. ಜಿಲ್ಲಾ ಕೇಂದ್ರವಾದ ತುಮಕೂರು ಪಾವಗಡದಿಂದ ಸುಮಾರು ನೂರು ಕಿಲೋಮೀಟರು ದೂರ. ಈ ಸೀಮೆಯಲ್ಲಿ ಸರ್ಕಾರಿ ವೈದ್ಯನಾಗಿ ಕೆಲಸ ಮಾಡುತ್ತಿದ್ದ ನನ್ನ ಎಳೆಯ ದಿನಗಳಲ್ಲಿ ಶಾಲಾ ಮಕ್ಕಳ ಹೋಬಳಿ ಕ್ರೀಡಾಕೂಟಕ್ಕೆ ಹೋಗಿ ಕೂರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಶಾಮಿಯಾನದ ಕೆಳಗೆ ಒಂದು ಮೇಜು, ಅದರ ಮೇಲೆ ಹತ್ತಿ, ಟಿಂಚರು, ನೋವಿನ ಮಾತ್ರೆ.

ಕಬಡ್ಡಿಯ ಪಂದ್ಯದಲ್ಲಿ ಒಬ್ಬ ಹುಡುಗ ಎದುರು ತಂಡದ ಹಿಡಿತದಿಂದ ತಪ್ಪಿಸಿಕೊಳ್ಳಲು ಥಟ್ಟನೆ ಮಗ್ಗುಲು ಹೊರಳಿದ. ಪಾದ ನೆಲದಲ್ಲಿ ನಟ್ಟುಕೊಂಡಿತು, ಮೈ ತಿರುಗಿತು. ಯಾರೂ ಅವನ ಮಂಡಿಗೆ ಗುದ್ದಿರಲಿಲ್ಲ. ಇಬ್ಬರು ಅವನನ್ನು ಎತ್ತಿಕೊಂಡು ಬಂದರು. “ಒಳಗೆ ಟಪ್ ಅಂತು ಸಾರ್” ಎಂದ. ಸಂಜೆಯ ಹೊತ್ತಿಗೆ ಮಂಡಿ ಕುಂಬಳಕಾಯಿಯಂತೆ ಊದಿಕೊಂಡಿತ್ತು. ಮರುದಿನ ಎಕ್ಸ್-ರೇ ತೆಗೆಸಿದೆವು, ಮೂಳೆ ಮುರಿದಿರಲಿಲ್ಲ. ಉಳುಕು ಎಂದು ಬರೆದು ಪಟ್ಟಿ ಕಟ್ಟಿದೆ. “ಯಾವಾಗಿಂದ ಆಡಬಹುದು ಸಾರ್?” ಎಂದು ಕೇಳಿದ. ಎರಡು ವಾರ ಎಂದೆ. ಊತ ಇಳಿಯಿತು, ನಡಿಗೆ ಸರಿಯಾಯಿತು, ಹುಡುಗ ತಾಲ್ಲೂಕು ಪಂದ್ಯಕ್ಕೆ ಹೋದ. ಅಲ್ಲಿ ಮಂಡಿ ಮತ್ತೆ ಕೈಕೊಟ್ಟಿತು, ಈ ಬಾರಿ ಒಳಗಿನ ಮೆದ್ದೆಲುಬಿನ ಬಿಲ್ಲೆಯನ್ನೂ ಹರಿದುಕೊಂಡು. ಅವನು ಆಮೇಲೆ ಆಡಲಿಲ್ಲ.

ರೋಗವನ್ನು ಆ ಹುಡುಗ ತನ್ನ ಬಾಯಿಂದಲೇ ಹೇಳಿದ್ದ, ನಾನು ಕೇಳಿಸಿಕೊಳ್ಳಲಿಲ್ಲ. ಮಂಡಿಯೊಳಗೆ ತೊಡೆಯ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಬಿಗಿದಿಡುವ ಎರಡು ನಾರುಗಳು ಒಂದರ ಮೇಲೊಂದು ಕತ್ತರಿಯಂತೆ ಹಾಯ್ದಿರುತ್ತವೆ. ಅವುಗಳಲ್ಲಿ ಮುಂದಿನದು ಹರಿದಾಗ ‘ಟಪ್’ ಎಂಬ ಅನುಭವವಾಗುತ್ತದೆ, ಕೆಲವೇ ಗಂಟೆಗಳಲ್ಲಿ ಕೀಲಿನೊಳಗೆ ರಕ್ತ ತುಂಬಿ ಊದಿಕೊಳ್ಳುತ್ತದೆ. ಎಕ್ಸ್-ರೇ ಈ ನಾರನ್ನು ತೋರಿಸದು. ಅದನ್ನು ಕಂಡುಹಿಡಿಯಲು ಎರಡು ಕೈಗಳು ಸಾಕು. ಬಾನುಲಿಯಲ್ಲಿ ತೋರಿಸುವಂತಿಲ್ಲ, ಮಾತಿನಲ್ಲೇ ಹೇಳುತ್ತೇನೆ. ರೋಗಿಯನ್ನು ಅಂಗಾತ ಮಲಗಿಸಿ, ಮಂಡಿಯನ್ನು 20ರಿಂದ 30 ಡಿಗ್ರಿಯಷ್ಟು ಬಾಗಿಸಿ, ಒಂದು ಕೈಯಿಂದ ತೊಡೆ ಅಲುಗದಂತೆ ಹಿಡಿದು, ಇನ್ನೊಂದರಿಂದ ಕೆಳಗಾಲನ್ನು ಮುಂದಕ್ಕೆ ಎಳೆಯಬೇಕು. ನಾರು ಗಟ್ಟಿಯಾಗಿದ್ದರೆ ಎಳೆತ ಒಂದೆಡೆ ಬಿಗಿಯಾಗಿ ನಿಲ್ಲುತ್ತದೆ. ಹರಿದಿದ್ದರೆ ನಿಲುಗಡೆಯೇ ಇಲ್ಲದೆ ಮೆತ್ತಗೆ ಜಾರುತ್ತದೆ. ಫಿಲಡೆಲ್ಫಿಯಾದ ಜಾನ್ ಲ್ಯಾಕ್‌ಮನ್ ಅವರ ಹೆಸರಿನ ಈ ಪರೀಕ್ಷೆಯನ್ನು ಅವರ ಶಿಷ್ಯ ಜೋಸೆಫ್ ಟಾರ್ಗ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದರು. ನಾನು ಅದನ್ನು ಓದಿರಲಿಲ್ಲವೆಂದಲ್ಲ. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಗಟ್ಟಿಯಾದ ನಾರಿನ ನಿಲುಗಡೆ ಹೇಗಿರುತ್ತದೆ, ಹರಿದ ನಾರಿನ ಜಾರಿಕೆ ಹೇಗಿರುತ್ತದೆ ಎಂಬುದು ನನ್ನ ಕೈಗೆ ಗೊತ್ತಿರಲಿಲ್ಲ. ವೀಣೆಯ ಸ್ವರಸ್ಥಾನ ಪುಸ್ತಕದಿಂದ ಬೆರಳಿಗೆ ಇಳಿಯುವುದಿಲ್ಲವಷ್ಟೆ.

ಕೈಗೆ ಈ ಅರಿವನ್ನು ಇಳಿಸುವ ಏರ್ಪಾಡಿಗೆ ವೈದ್ಯಲೋಕದಲ್ಲಿ ಫೆಲೋಷಿಪ್ ಎಂದು ಹೆಸರು. ಈ ಮಾತು ಕೇಳಿದೊಡನೆ ವಿದ್ವಾಂಸರಿಗೆ ಕೊಡುವ ವೇತನವೋ ಗೌರವವೋ ನಮಗೆ ನೆನಪಾಗುತ್ತದೆ. ವೈದ್ಯರಲ್ಲಿ ಅದರ ಅರ್ಥ ಬೇರೆ. ತನ್ನ ಮೂಲ ವಿಭಾಗದ ತರಬೇತಿಯನ್ನು ಮುಗಿಸಿದವನು ಮತ್ತೆ ಒಬ್ಬ ಗುರುವಿನ ಬಳಿ ನಿಂತು, ಒಂದು ಕಿರಿದಾದ ಕ್ಷೇತ್ರದಲ್ಲಿ ಕೈ ಪಳಗಿಸಿಕೊಳ್ಳುವ ಕಾಲ ಅದು. ಅಮೆರಿಕದಲ್ಲಿ ಮೂರು ವರ್ಷ ಕುಟುಂಬ ವೈದ್ಯದ ತರಬೇತಿ ಪಡೆದವರು ಇನ್ನೊಂದು ವರ್ಷ ಕ್ರೀಡಾವೈದ್ಯವನ್ನು ಕಲಿಯುತ್ತಾರೆ. ಮಕ್ಕಳ ವೈದ್ಯರಿಗೂ ತುರ್ತುಚಿಕಿತ್ಸೆಯ ವೈದ್ಯರಿಗೂ ಈ ಬಾಗಿಲು ತೆರೆದಿದೆ. ಅಲ್ಲಿ ಇದಕ್ಕೆ ಹೆಚ್ಚುವರಿ ಅರ್ಹತೆಯ ಮೊದಲ ಪರೀಕ್ಷೆ ನಡೆದದ್ದು 1993ರಲ್ಲಿ. ಕ್ರೀಡಾವೈದ್ಯರ ಅಂತರರಾಷ್ಟ್ರೀಯ ಒಕ್ಕೂಟ 1928ರಷ್ಟು ಹಿಂದೆಯೇ ಸೇಂಟ್ ಮಾರಿಟ್ಸ್‌ನ ಚಳಿಗಾಲದ ಒಲಿಂಪಿಕ್ಸ್ ವೇಳೆ ಹುಟ್ಟಿತ್ತೆಂಬುದನ್ನು ನೆನೆದರೆ, ಆಟಗಾರನ ವೈದ್ಯಕ್ಕೆ ಸಾಮಾನ್ಯ ವೈದ್ಯನೂ ಬೇಕು ಎಂಬ ತಿಳಿವು ಎಷ್ಟು ತಡವಾಗಿ ಬಂತೆಂಬುದು ಕಾಣುತ್ತದೆ. ಬ್ರಿಟನ್ನಿನಲ್ಲಿ ಇದು ಪ್ರತ್ಯೇಕ ವಿಭಾಗವೆಂದು ಮನ್ನಣೆ ಪಡೆದದ್ದು 2005ರಲ್ಲಿ.

ಆ ಒಂದು ವರ್ಷದಲ್ಲಿ ಶಸ್ತ್ರಕ್ರಿಯೆಯನ್ನು ಕಲಿಸುವುದಿಲ್ಲ. ಕ್ರೀಡೆಯ ಪೆಟ್ಟುಗಳಲ್ಲಿ ಬಹುಪಾಲು ಚಾಕುವಿನ ಮಟ್ಟಕ್ಕೆ ಹೋಗುವಂಥವಲ್ಲ. ಕಲಿಯುವವನು ವಾರವಾರವೂ ಚಿಕಿತ್ಸಾಲಯದಲ್ಲಿ ಹಿರಿಯ ವೈದ್ಯನ ಕಣ್ಣೆದುರಿಗೆ ಮಂಡಿ, ಭುಜ, ಹಿಮ್ಮಡಿಗಳನ್ನು ಮುಟ್ಟಿ ನೋಡುತ್ತಾನೆ. ಕೀಲಿಗೆ ಸೂಜಿಮದ್ದು ಕೊಡುವುದನ್ನೂ, ಅಲ್ಟ್ರಾಸೌಂಡಿನಲ್ಲಿ ಸ್ನಾಯುವಿನ ಹರಿತವನ್ನು ನೋಡುವುದನ್ನೂ, ಫಿಸಿಯೋಥೆರಪಿಯವರ ಜೊತೆ ಕೂತು ವ್ಯಾಯಾಮದ ಕ್ರಮವನ್ನು ನಿಶ್ಚಯಿಸುವುದನ್ನೂ ಕಲಿಯುತ್ತಾನೆ. ಒಂದು ಶಾಲೆಯ ಇಲ್ಲವೆ ಕಾಲೇಜಿನ ತಂಡಕ್ಕೆ ವರ್ಷವಿಡೀ ವೈದ್ಯನಾಗಿ ನಿಲ್ಲುತ್ತಾನೆ, ಮ್ಯಾರಥಾನ್ ಓಟದ ಡೇರೆಯಲ್ಲಿ ಕೆಲಸ ಮಾಡುತ್ತಾನೆ. ನನಗೆ ಬಹಳ ಹಿಡಿಸಿದ ನಿಯಮ ಇನ್ನೊಂದಿದೆ: ಈ ಅವಧಿಯಲ್ಲೂ ಅವನು ವಾರಕ್ಕೆ ಅರ್ಧ ದಿನವಾದರೂ ತನ್ನ ಮೂಲ ವೃತ್ತಿಯನ್ನು, ಎಂದರೆ ಜ್ವರ, ಕೆಮ್ಮು, ಸಕ್ಕರೆ ಕಾಯಿಲೆಯ ಸಾಮಾನ್ಯ ರೋಗಿಗಳನ್ನು ನೋಡುವುದನ್ನು ಬಿಡುವಂತಿಲ್ಲ. ಆಟಗಾರನ ಮಂಡಿ ಗೊತ್ತಾದ ಮೇಲೆ ಅಜ್ಜಿಯ ಮಂಡಿ ಮರೆತುಹೋಗಬಾರದು.

ಇವೆಲ್ಲಕ್ಕಿಂತ ಕಷ್ಟದ ವಿದ್ಯೆ ಅಂಕಣದ ಅಂಚಿನಲ್ಲಿ ನಿಂತು “ಇವತ್ತು ನೀನು ಆಡಕೂಡದು” ಎನ್ನುವುದು. ತಲೆಗೆ ಪೆಟ್ಟು ಬಿದ್ದು ಕ್ಷಣಕಾಲ ದಿಕ್ಕು ತಪ್ಪಿದವನನ್ನು ಅದೇ ದಿನ ಮತ್ತೆ ಆಟಕ್ಕೆ ಬಿಡಬಾರದೆಂಬುದು ಈಗ ಎಲ್ಲರೂ ಒಪ್ಪಿದ ನಿಯಮ. ಆದರೆ ಹುಡುಗ ನಗುತ್ತ ಎದ್ದು ನಿಂತಿರುತ್ತಾನೆ, ತಂಡ ಎರಡು ಅಂಕ ಹಿಂದಿರುತ್ತದೆ, ಊರು ಕೂಗುತ್ತಿರುತ್ತದೆ. ಆಗ ಬೇಡವೆನ್ನುವ ಎದೆಗಾರಿಕೆಯೂ ಅಭ್ಯಾಸದಿಂದಲೇ ಬರಬೇಕು.

ನಮ್ಮ ದೇಶದಲ್ಲಿ ಕ್ರೀಡಾವೈದ್ಯದ ಶಿಕ್ಷಣವೇ ಇಲ್ಲವೆನ್ನುವಂತಿಲ್ಲ. 1961ರಲ್ಲಿ ಸ್ಥಾಪನೆಯಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ವೈದ್ಯರಿಗೆ ಡಿಪ್ಲೊಮಾ ಶಿಕ್ಷಣವುಂಟು. ಪುಣೆಯ ಸೇನಾ ವೈದ್ಯ ಕಾಲೇಜಿನಲ್ಲಿ ಈ ವಿಷಯದ ಎಂ.ಡಿ. ಪದವಿಯಿದೆ. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಫೆಲೋಷಿಪ್ಪೂ ಇದೆ; ಆದರೆ ಅದು ಮೂಳೆ ಶಸ್ತ್ರವೈದ್ಯರಿಗಾಗಿ ರೂಪಿಸಿದ್ದು. ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆಯ ಕ್ರೀಡಾಗಾಯಗಳ ಕೇಂದ್ರ ಕಾಮನ್‌ವೆಲ್ತ್ ಕ್ರೀಡೆಗಳು ನಡೆದ 2010ರಲ್ಲಿ ತೆರೆಯಿತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ನಮ್ಮ ಕೊಡಗಿನ ಎಂ.ಪಿ. ಗಣೇಶ್ ಅವರೊಂದಿಗೆ ಹಾಕಿಯಾಡಿ ಕಂಚಿನ ಪದಕ ತಂದ ವೇಸ್ ಪೇಸ್ ಮುಂದೆ ಕ್ರೀಡಾವೈದ್ಯರಾಗಿ ದೀರ್ಘಕಾಲ ಕೆಲಸ ಮಾಡಿದವರು, 2025ರಲ್ಲಿ ತೀರಿಕೊಂಡರು. ಇಷ್ಟೆಲ್ಲ ಇದ್ದರೂ ಇವು ಏಣಿಯ ಮೇಲಿನ ಮೆಟ್ಟಿಲುಗಳು. ನಾಗಲಮಡಿಕೆಯ ಮಗು ಮೊದಲು ಹೋಬಳಿಯಲ್ಲಿ ಆಡಬೇಕು, ಗೆದ್ದರೆ ಪಾವಗಡ ತಾಲ್ಲೂಕಿಗೆ, ಆಮೇಲೆ ಶಿರಾ, ಕೊರಟಗೆರೆಗಳನ್ನೂ ಒಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ರಾಜ್ಯಕ್ಕೆ. ಆ ವೈದ್ಯನ ಕಣ್ಣಿಗೆ ಮಂಡಿ ಬೀಳುವ ಹೊತ್ತಿಗೆ ಆಟಗಾರ ಈ ಮೆಟ್ಟಿಲುಗಳನ್ನೆಲ್ಲ ಹತ್ತಿರಬೇಕು. ನನ್ನ ಹುಡುಗ ಎರಡನೆಯದರಲ್ಲೇ ಬಿದ್ದ.

ಹಾಗಾದರೆ ಇಷ್ಟು ಕಾಲ ಹಳ್ಳಿಯ ಆಟಗಾರನನ್ನು ನೋಡಿಕೊಂಡವರು ಯಾರು? ಗರಡಿಮನೆಯ ಉಸ್ತಾದರು, ಎಣ್ಣೆ ನೀವುವವರು, ನಾಟಿ ವೈದ್ಯರು. ಚಿತ್ತೂರು ಸೀಮೆಯ ಪುತ್ತೂರಿನ ಕಟ್ಟಿನ ಹೆಸರು ಗಡಿಯ ಈಚೆಗೂ ಎಲ್ಲರಿಗೆ ಗೊತ್ತು. ಇವರನ್ನು ಹೀಗಳೆಯುವ ಮನಸ್ಸು ನನಗಿಲ್ಲ. ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡು, ಬಾಯಿಂದ ಉಸಿರಾಡುವಂತಾದಾಗ ನಿಲ್ಲಿಸು ಎಂಬ ಸುಶ್ರುತನ ಕಾಲದ ವಿವೇಕ ಗರಡಿಯಲ್ಲಿ ಉಳಿದುಬಂದಿತ್ತು. ಉಳುಕಿದ ಕಾಲಿಗೆ ಕಟ್ಟು ಕಟ್ಟಿ ವಿಶ್ರಾಂತಿ ಕೊಡಿಸಿದರೆ ಅದೇ ಮದ್ದು. ಆದರೆ ಮಗುವಿನ ಮೊಣಕೈಯ ಮೇಲ್ಭಾಗದ ಮೂಳೆ ಮುರಿದಾಗ ಬಿಗಿಯಾಗಿ ಕಟ್ಟಿದರೆ ರಕ್ತದ ಓಟ ನಿಂತು, ಕೆಲವೇ ಗಂಟೆಗಳಲ್ಲಿ ಸ್ನಾಯು ಸತ್ತು, ಬೆರಳುಗಳು ಹಕ್ಕಿಯ ಉಗುರಿನಂತೆ ಮುರುಟಿ ಹಾಗೆಯೇ ಉಳಿಯುತ್ತವೆ. ಅಂಥ ಕೈಗಳನ್ನು ನಾನು ನೋಡಿದ್ದೇನೆ.

ಅಮೆರಿಕದ ಪಾಠಕ್ರಮವನ್ನು ಹಾಗೆಯೇ ತಂದು ಇಲ್ಲಿ ಇಡುವುದರಿಂದಲೂ ಕೆಲಸವಾಗದು. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ಒಂದು ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆ ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುತ್ತದೆ, ಬೆನ್ನೂ ಕೀಲುಗಳೂ ಬಿಗಿಯುತ್ತವೆ. ಕೆಲವು ಮಕ್ಕಳ ಮಂಡಿಗಳು ಒಳಕ್ಕೆ ಬಾಗುತ್ತವೆ. ಈ ಮೂಳೆರೋಗ ನಮ್ಮ ದೇಶದಲ್ಲಿ ಮೊದಲು ವೈದ್ಯರ ಗಮನಕ್ಕೆ ಬಂದದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ನಾಗಲಮಡಿಕೆಯ ಮುಂದೆ ಹರಿಯುವ ಪಿನಾಕಿನಿ ಕಡಲು ಸೇರುವುದೂ ಆ ಜಿಲ್ಲೆಯಲ್ಲೇ. ಓಡುವ ಹುಡುಗಿಗೆ ಬೆನ್ನು ಬಗ್ಗದಿದ್ದರೆ ಸ್ನಾಯು ಬಿಗಿದಿದೆಯೆಂದು ವಿದೇಶದ ಪುಸ್ತಕ ಹೇಳಬಹುದು. ಇಲ್ಲಿನ ವೈದ್ಯ ಅವಳ ಹಲ್ಲನ್ನು ನೋಡಬೇಕು, ಮನೆಯ ನೀರು ಎಲ್ಲಿಂದ ಬರುತ್ತದೆಂದು ಕೇಳಬೇಕು. ಬಿಸಿಲಿನ ಪಾಠವೂ ಇಲ್ಲಿಯದೇ ಆಗಬೇಕು. ಓಡಿ ಕುಸಿದುಬಿದ್ದವನ ಮೈ 40 ಡಿಗ್ರಿ ಸೆಲ್ಸಿಯಸ್ ದಾಟಿ ಬುದ್ಧಿ ತಪ್ಪಿದ್ದರೆ, ಮೊದಲು ತಣ್ಣೀರಿನ ತೊಟ್ಟಿಗೆ ಇಳಿಸಬೇಕು, ಆಮೇಲೆ ವಾಹನಕ್ಕೆ ಹತ್ತಿಸಬೇಕು. ನಮ್ಮವರು ಅವಸರದಲ್ಲಿ ಇದನ್ನು ತಿರುವುಮುರುವು ಮಾಡುತ್ತಾರೆ.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯನಿಗೆ ಈಗಿರುವ ಹೊರೆಯೇ ಸಾಲದೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪ್ರತಿ ಕೇಂದ್ರಕ್ಕೂ ಒಬ್ಬ ಕ್ರೀಡಾವೈದ್ಯ ಬೇಕೆಂದು ನಾನು ಹೇಳುತ್ತಿಲ್ಲ. ನಾಲ್ಕು ತಾಲ್ಲೂಕುಗಳ ಈ ಶೈಕ್ಷಣಿಕ ಜಿಲ್ಲೆಗೆ ಹೀಗೆ ಒಂದು ವರ್ಷ ಕಲಿತ ಒಬ್ಬ ಕುಟುಂಬ ವೈದ್ಯನಿದ್ದರೆ, ಅವನು ಉಳಿದ ವೈದ್ಯರಿಗೂ ಪಿ.ಟಿ. ಮೇಷ್ಟರುಗಳಿಗೂ ಕಲಿಸಬಲ್ಲ. ಓಡುವಾಗ ಎಂದಾದರೂ ಮೂರ್ಛೆ ಹೋಗಿದ್ದೆಯಾ, ಮನೆಯಲ್ಲಿ ಐವತ್ತರೊಳಗೆ ಹಠಾತ್ತನೆ ಯಾರಾದರೂ ತೀರಿಕೊಂಡಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಯಂತ್ರ ಬೇಕಿಲ್ಲ; ಹೃದಯದ ಅಡಗಿದ ದೋಷದ ಸುಳಿವು ಅಷ್ಟರಿಂದಲೇ ಕೆಲವೊಮ್ಮೆ ಸಿಗುತ್ತದೆ. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪಿಸಿದ ಒಂದು ಸರಳ ನಿಯಮವಿದೆ: ಉಳುಕಿದವನು ನಾಲ್ಕು ಹೆಜ್ಜೆ ನಡೆಯಬಲ್ಲನಾದರೆ, ಗಿಣ್ಣಿನ ಮತ್ತು ಪಾದದ ಕೆಲವು ಗೊತ್ತಾದ ಮೂಳೆಗಳನ್ನು ಒತ್ತಿದಾಗ ನೋವಿಲ್ಲದಿದ್ದರೆ, ಎಕ್ಸ್-ರೇ ಅಗತ್ಯವಿಲ್ಲ. ಎಕ್ಸ್-ರೇಗಾಗಿ ಬಸ್ಸು ಹಿಡಿದು ಒಂದು ದಿನದ ಕೂಲಿ ಕಳೆದುಕೊಳ್ಳುವವರಿಗೆ ಇದರ ಬೆಲೆ ಗೊತ್ತು.

ನಾನು ಯಾವ ಫೆಲೋಷಿಪ್ಪನ್ನೂ ಮಾಡಿದವನಲ್ಲ. ಆ ಹುಡುಗನ ಅನಂತರ, ಮೂಳೆವೈದ್ಯ ಮಿತ್ರರೊಬ್ಬರ ಪಕ್ಕದಲ್ಲಿ ರಜೆಯ ದಿನಗಳಲ್ಲಿ ನಿಂತು ಒಂದಿಷ್ಟು ಕಲಿತೆ. ಈಚೆಗೆ ಆ ಕಡೆಯ ಒಂದು ಹೋಬಳಿ ಕ್ರೀಡಾಕೂಟಕ್ಕೆ ಅತಿಥಿಯಾಗಿ ಕರೆದಿದ್ದರು. ಖೋ ಖೋ ಆಡುತ್ತಿದ್ದ ಹುಡುಗಿಯೊಬ್ಬಳು ಕಂಬದ ಬಳಿ ತಿರುಗುವಾಗ ಕಾಲು ಹೊರಳಿಸಿಕೊಂಡಳು. ಮೂಳೆಗಳನ್ನು ಒತ್ತಿ ನೋಡಿದೆ, ನಾಲ್ಕು ಹೆಜ್ಜೆ ನಡೆಸಿದೆ, ಎಕ್ಸ್-ರೇ ಬೇಡವೆಂದೆ. ಮಧ್ಯಾಹ್ನದ ಕೊನೆಯ ಪಂದ್ಯಕ್ಕೆ ಮಾತ್ರ ಇಳಿಯಕೂಡದೆಂದೆ. “ಇವಳಿಲ್ಲದಿದ್ದರೆ ತಾಲ್ಲೂಕಿಗೆ ಹೋಗೋದು ಹೇಗೆ ಡಾಕ್ಟ್ರೇ” ಎಂದು ಪಿ.ಟಿ. ಮೇಷ್ಟರು ಬೇಸರಿಸಿದರು. ತಂಡ ಸೋತಿತು. ಸಂಜೆಯ ಕಾಫಿಯ ತನಕ ಅವರು ನನ್ನೊಡನೆ ಮಾತಾಡಲಿಲ್ಲ. ಒದ್ದೆ ಬಟ್ಟೆ ಸುತ್ತಿದ ಕಾಲನ್ನು ಬೆಂಚಿನ ಮೇಲೆ ನೀಡಿಕೊಂಡು ಕೂತಿದ್ದ ಹುಡುಗಿ ಕೇಳಿದಳು: “ಮತ್ತೆ ಯಾವಾಗಿಂದ ಆಡಬಹುದು ಸಾರ್?” ಈ ಸಲ ನಾನು ವಾರಗಳ ಲೆಕ್ಕ ಹೇಳಲಿಲ್ಲ. ಈ ಕಾಲೊಂದರಲ್ಲೇ ಕುಂಟಾಬಿಲ್ಲೆಯಂತೆ ಕುಪ್ಪಳಿಸಿ, ಮನೆಯಂಗಳದ ಆ ತುದಿಯಿಂದ ಈ ತುದಿಗೆ ನೋವಿಲ್ಲದೆ ಎಂದು ಬರುತ್ತೀಯೋ, ಅದರ ಮಾರನೆಯ ದಿನದಿಂದ ಎಂದೆ.